ಪಿಕಳಾರದ ಮರಿಗಳ ಫೋಟೋ

ತೋಪಿನಲ್ಲಿ ಫೋಟೋ ಹಂಚುವ ಜಾಲತಾಣಗಳು ಎರಡೇ ಇದ್ದವು: ಒಂದು ಅಳಿಲಿನದು, ಇನ್ನೊಂದು ಕಾಗೆಯದು. ನಿಂಬೆಗಿಡದ ಗೂಡಿನಲ್ಲಿ ಮರಿಗಳು ಕಣ್ಣುಬಿಟ್ಟ ಬೆಳಗ್ಗೆ ಪಿಕಳಾರಕ್ಕೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೂಡು, ನಿಂಬೆಗಿಡ ಎಲ್ಲ ಕಾಣುವಂತೆ ಫೋಟೋ ತೆಗೆದದ್ದೇ, ಕೆರೆಯಾಚೆಯ ಅಕ್ಕನಿಗೆ ತೋರಿಸಬೇಕೆಂದು ಅಳಿಲಿನ ಬಳಿ ಹಾರಿತು.

"ನನ್ನ ಪೊಟರೆಯಲ್ಲಿಡು, ವರ್ಷಗಟ್ಟಲೆ ಕೆಡುವುದಿಲ್ಲ. ಪಾಸ್‌ವರ್ಡ್ ಅಕ್ಕನಿಗೆ ಮಾತ್ರ ಹೇಳು. ಬಿಡುವಾದಾಗ ನೋಡಲಿ," ಎಂದಿತು ಅಳಿಲು.

"ಬಿಡುವಾದಾಗಲೇ? ಅಷ್ಟರಲ್ಲಿ ಮರಿಗಳಿಗೆ ರೆಕ್ಕೆ ಬಂದಿರುತ್ತದೆ!" ಎನ್ನುತ್ತ ಪಿಕಳಾರ ತೋಪಿನ ಆ ತುದಿಯ ಕಾಗೆಯಲ್ಲಿಗೆ ಹೋಯಿತು.

"ಇಲ್ಲಿ ಹಾಕಿದರೆ ಈಗಲೇ ಎಲ್ಲರಿಗೂ ಕಾಣುತ್ತದೆ. ಯಾರು ನೋಡಬೇಕು?" ಎಂದು ಕಾಗೆ ಕೇಳಿತು.

"ನನ್ನ ಅಕ್ಕ."

"ಅಕ್ಕ ಒಬ್ಬಳಿಗಾದರೆ ಅಳಿಲೇ ಸರಿ. ನನ್ನಲ್ಲಿ ಬಾಗಿಲಿಲ್ಲ."

"ಎಲ್ಲರೂ ನೋಡಿದರೆ ಅಕ್ಕನೂ ನೋಡಿದಂತಾಯಿತಲ್ಲ! ಬೇಗ ಹಾಕು."

ಕಾಗೆ ಹಾಕಿತು. ಅಕ್ಕ ಏನೆನ್ನುವಳೋ ಎಂದು ಪಿಕಳಾರ ಅಲ್ಲೇ ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸುತ್ತ ಕಾಯಿತು. ಮೊದಲ ಉತ್ತರ ಬಂತು. ಕಳುಹಿಸಿದ್ದು ಅಕ್ಕನಲ್ಲ, ಹಕ್ಕಿಮರಿಗಳನ್ನು ತಿಂದು ಬದುಕುವ ಕೆಂಬೂತ:

"ಮುದ್ದಾದ ಮರಿಗಳು. ನಿಂಬೆಗಿಡಕ್ಕೆ ಬಂದಿದ್ದೇನೆ. ನೀವೇ ಕಾಣುತ್ತಿಲ್ಲವಲ್ಲ?"