ಪೆಟ್ಟಿಗೆಗೆ ಹೊಲಿದ ಅಂಗಿ

“ಅಜ್ಜನವರೇ, ಯಾವುದನ್ನು ಬದಲಿಸಲಿ?” ಎಂದು ಮರುಳಸಿದ್ಧ ಮಠದ ಹಿರಿಯ ಸ್ವಾಮಿಗಳನ್ನು ಕೇಳಿದ.

ಅವನು ಮಠದ ಪ್ರಸಾದ ನಿಲಯವನ್ನು ನೋಡಿಕೊಳ್ಳುವ ಶಿಷ್ಯ. ಇಲ್ಲದವರ ಮನೆಯ ಮಕ್ಕಳು ಅಲ್ಲಿ ಉಂಡು, ಮಲಗಿ, ಊರಿನ ಶಾಲೆಗೆ ಹೋಗಿ ಬರುತ್ತಿದ್ದರು. ಮಠದ ಆದಾಯ ಅಷ್ಟಕ್ಕಷ್ಟೆ. ಅಷ್ಟರಲ್ಲೇ ಅವನು ಅಳೆದು ತೂಗಿ ಎಲ್ಲವನ್ನೂ ಹೊಂದಿಸಿದ್ದ. ಏಳುವ ಹೊತ್ತು, ಓದುವ ಹೊತ್ತು, ಯಾವ ವಾರ ಯಾವ ಪಲ್ಯ, ಎಲ್ಲಕ್ಕೂ ಒಂದು ಕ್ರಮವಿತ್ತು. ಯಾವ ಮಗುವೂ ಹಸಿದು ಮಲಗಿರಲಿಲ್ಲ. ಯಾರೂ ನಪಾಸಾಗಿರಲಿಲ್ಲ. ಆದರೂ ಹಬ್ಬಕ್ಕೆಂದು ಊರಿಗೆ ಹೋದವರಲ್ಲಿ ಮೂವರು ಮರಳಿ ಬರಲಿಲ್ಲ. ಕಾರಣವನ್ನೂ ಹೇಳಿ ಕಳಿಸಲಿಲ್ಲ.

“ನಿಮ್ಮ ಹತ್ತಿರ ಬಂದರೆ ಅವೇ ಮಕ್ಕಳು ಕಿಲಕಿಲ ನಗುತ್ತವೆ. ನನ್ನ ಮುಂದೆ ಬಾಡಿದ ಸೊಪ್ಪಿನ ಹಾಗೆ ನಿಲ್ಲುತ್ತವೆ. ಅಡುಗೆಯವನನ್ನು ಬದಲಿಸಲೇ, ವೇಳೆ ಬದಲಿಸಲೇ? ಇನ್ನು ನಾಲ್ಕು ಮಕ್ಕಳು ಹೋದರೆ ನಿಲಯಕ್ಕೆ ಬೀಗವೇ ಗತಿ. ನನಗೆ ಸಂಕಟವಾಗುತ್ತದೆ, ಅಜ್ಜನವರೇ.”

ಅಜ್ಜನವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

“ಕೂತುಕೋ. ಆಟದ ಕಂಪ್ಯೂಟರು ಅಂದರೆ ಏನು, ಗೊತ್ತೇನಪ್ಪ ನಿನಗೆ?”

“ಇಲ್ಲ.”

“ನನಗೂ ಗೊತ್ತಿರಲಿಲ್ಲ. ನಮ್ಮ ಕಾವಿ ಹೊಲಿಯುವ ದರ್ಜಿ ಹೇಳಿ ಗೊತ್ತಾಯಿತು. ಅವನದೇ ಕತೆ. ಕೇಳು,” ಎಂದು ಅಜ್ಜನವರು ಹೇಳತೊಡಗಿದರು.

ಒಬ್ಬ ದರ್ಜಿ. ಅವನಿಗೆ ಒಬ್ಬಳೇ ಮಗಳು, ಮಂದಾಕಿನಿ. ತಾಯಿಯಿಲ್ಲದ ಹುಡುಗಿ, ಕಾಲೇಜು ಓದುತ್ತಿದ್ದಳು. ಅಂಗಡಿಯೂ ಮನೆಯೂ ಒಂದೇ ಕೋಣೆ. ಒಂದು ಗೋಡೆಗೆ ಅವನ ಹೊಲಿಗೆ ಯಂತ್ರ, ಇನ್ನೊಂದು ಗೋಡೆಗೆ ಅವಳ ಪುಸ್ತಕದ ಮೇಜು. ನಡುವೆ ನಿಂತು ಇಬ್ಬರೂ ಕೈ ಚಾಚಿದರೆ ಮನೆ ಮುಗಿಯಿತು.

ಮಗಳಿಗೆ ಕಂಪ್ಯೂಟರಿನಲ್ಲಿ ಆಡುವ ಒಂದು ಆಟದ ಹುಚ್ಚು. ಐದು ಜನರ ತಂಡ ಕಟ್ಟಿಕೊಂಡು ಇನ್ನೈದು ಜನರ ಮೇಲೆ ಆಡುವ ಆಟ. ನಡುವೆ ಒಬ್ಬರ ಯಂತ್ರ ನಿಂತರೆ ಉಳಿದ ನಾಲ್ವರೂ ಸೋತ ಹಾಗೆ. ಅವಳ ತಂಡದಲ್ಲಿ ಐವರೂ ಹುಡುಗಿಯರು. ಜಿಲ್ಲೆಯ ಪಂದ್ಯಕ್ಕೆ ಹೆಸರು ಕೊಟ್ಟಿದ್ದರು. ಅಷ್ಟರಲ್ಲಿ, ಗಂಟೆಗಿಷ್ಟು ಎಂದು ಕೊಟ್ಟು ಆಡುತ್ತಿದ್ದ ಅಂಗಡಿ ಮುಚ್ಚಿತು. ಉಳಿದವರ ಮನೆಯಲ್ಲಿ ಯಂತ್ರವಿತ್ತು. ಇವಳ ಮನೆಯಲ್ಲಿರಲಿಲ್ಲ. ಇವಳ ಜಾಗಕ್ಕೆ ಬೇರೊಬ್ಬಳನ್ನು ಹುಡುಕುವ ಮಾತು ಬಂತು. ಮಗಳು ಅಪ್ಪನ ಮುಂದೆ ಬಾಯಿ ಬಿಡಲಿಲ್ಲ. ಆದರೆ ಒಂದೇ ಕೋಣೆಯಲ್ಲಿ ಅತ್ತರೆ ಎಷ್ಟು ಹೊತ್ತು ಮುಚ್ಚಿಡಲಾದೀತು?

ದರ್ಜಿ ತನ್ನ ಹೊಲಿಗೆ ಯಂತ್ರಕ್ಕೆ ಮೋಟಾರು ಕೂಡಿಸಬೇಕೆಂದು ಸ್ವಲ್ಪ ಹಣ ಇಟ್ಟುಕೊಂಡಿದ್ದ. ಮೊಣಕಾಲು ನೋವಿನ ಮನುಷ್ಯ. “ಕಾಲು ಇನ್ನೂ ತುಳಿಯುತ್ತದೆ, ಇರಲಿ ಬಿಡು,” ಎಂದುಕೊಂಡು ಆ ಹಣ ತೆಗೆದುಕೊಂಡು ಪೇಟೆಗೆ ಹೋದ.

ಕಂಪ್ಯೂಟರ್ ವರ್ತಕ ಗಿರಾಕಿಯನ್ನು ಮೇಲಿಂದ ಕೆಳಗೆ ನೋಡಿದ. ಕೊರಳಲ್ಲಿ ಟೇಪು, ಅಂಗಿಯ ತುಂಬ ನೂಲು. ಆದರೂ ಎಲ್ಲಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನೇ ಮುಂದಿಟ್ಟ. ಆಟದ ಚಿತ್ರಗಳನ್ನು ಪರದೆಗೆ ಬರೆಯುವುದು ಅದೇ, ಅದಿಲ್ಲದಿದ್ದರೆ ಆಟವೇ ಇಲ್ಲ ಎಂದ. ದರ್ಜಿ ಮೇಜಿನ ಮೂಲೆಯಲ್ಲಿ ಹಿಡಿಯುವಂಥ ಕಂಪ್ಯೂಟರಿನ ಭಾಗಗಳನ್ನೆಲ್ಲ ಕೂಡಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ಮೊದಲೇ ಆರಿಸಿಕೊಂಡಿದ್ದ. ಟೇಪು ತೆಗೆದು ಪೆಟ್ಟಿಗೆಯ ಒಳಗನ್ನು ಅಳೆದ, ಕಾರ್ಡನ್ನು ಅಳೆದ.

“ಈ ಮೈಗೆ ಈ ತೋಳು ಉದ್ದವಾಯಿತು,” ಎಂದ.

ವರ್ತಕನಿಗೆ ನಗು ಬಂತು. “ಹಾಗಾದರೆ ದೊಡ್ಡ ಪೆಟ್ಟಿಗೆ ತೆಗೆದುಕೊಳ್ಳಿ.”

“ದೊಡ್ಡ ಪೆಟ್ಟಿಗೆ ಇಟ್ಟರೆ ನಾನು ಹೊರಗೆ ಮಲಗಬೇಕು.”

ಆಮೇಲೆ ಅವನು ಒಂದೊಂದನ್ನೇ ಆರಿಸಿದ ಪರಿ ನೋಡಬೇಕಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವಲ್ಲ, ಇವನು ಕಾಲು ಮಡಿಸಿಯೂ ಸುಖವಾಗಿ ಮಲಗುವ ಜಾತಿ. ಉದ್ದ ಕಾರ್ಡು ಬೇಡ, ಗಿಡ್ಡದು ಸಾಕು ಎಂದ. ಯಂತ್ರದ ಮಿದುಳಾದ ಪ್ರೊಸೆಸರ್ ಹೋದ ವರ್ಷದ್ದು ತೆಗೆದುಕೊಂಡ. ಹಬ್ಬ ಮುಗಿದ ಮೇಲೆ ಅದೇ ಸೀರೆಗೆ ಅರ್ಧ ಬೆಲೆ ಎಂಬುದು ಅವನಿಗೆ ಗೊತ್ತು. ಬಣ್ಣದ ದೀಪ ಮಿನುಗುವ ಫ್ಯಾನುಗಳನ್ನು ವರ್ತಕ ತೋರಿಸಿದಾಗ, “ಜರಿ ಬೇಡ, ಹೊಲಿಗೆ ಗಟ್ಟಿಯಿರಲಿ,” ಎಂದ. ಆಟಗಳನ್ನು ತುಂಬಿಡುವ ಡಿಸ್ಕನ್ನು ಸಣ್ಣದೇ ಕೊಂಡ, ಬೆಳೆಯುವ ಮಕ್ಕಳ ಲಂಗಕ್ಕೆ ಮಡಿಕೆ ಬಿಟ್ಟು ಹೊಲಿಯುವಂತೆ, ಮುಂದೆ ಇನ್ನೊಂದು ಕೂಡಿಸಲು ಜಾಗ ಇದೆಯೇ ಎಂದು ಕೇಳಿಕೊಂಡು. ಆದರೆ ಒಳಗೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಮಾತ್ರ ಅಗ್ಗದ್ದು ಒಲ್ಲೆ ಎಂದ. “ಅಸ್ತರು ಸುಮಾರಾದರೆ ಕೋಟು ಜೋಲುತ್ತದೆ,” ಎಂದ.

ವರ್ತಕ ಕೈ ಮುಗಿದ. “ಯಜಮಾನರೇ, ನಿಮ್ಮಂಥ ಗಿರಾಕಿ ಇನ್ನಿಬ್ಬರು ಬಂದರೆ ನಾನು ಅಂಗಡಿ ಮುಚ್ಚಿ ಊರು ಬಿಡಬೇಕು. ಆದರೆ ಹೇಳುತ್ತೇನೆ, ಒಂದೂ ತಪ್ಪು ಆರಿಸಿಲ್ಲ. ನಿಮ್ಮದು ಬಟ್ಟೆ ಕತ್ತರಿಸುವ ಜಾಗ. ನೂಲು, ಧೂಳು ಒಳಗೆ ಹೋಗದಂತೆ ಜೋಪಾನ.”

ಎಲ್ಲವೂ ಆ ಪುಟ್ಟ ಪೆಟ್ಟಿಗೆಯೊಳಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮನೆಗೆ ತಂದು ಮೇಜಿನ ಮೇಲಿಟ್ಟಾಗ ಮಗಳು ಅಪ್ಪನ ಕೊರಳಿಗೆ ಬಿದ್ದಳು. ದರ್ಜಿಗೆ ಕಣ್ಣು ತುಂಬಿ ಬಂತು. ಹೆಂಡತಿ ಹೋದ ಮೇಲೆ ತಾನು ಮಾಡಿದ ಒಂದು ಕೆಲಸ ನೆಟ್ಟಗಾಯಿತು ಅನ್ನಿಸಿತು.

ಆ ಸಂಜೆಯೇ ಅವನು ಪೆಟ್ಟಿಗೆಯ ಅಳತೆ ತೆಗೆದುಕೊಂಡ. ಯಾರದೋ ಮದುವೆಯ ಕುಪ್ಪಸದಲ್ಲಿ ಉಳಿದ ರೇಷ್ಮೆಯಿತ್ತು, ನವಿಲು ಬಣ್ಣದ್ದು. ಅದರಲ್ಲಿ ಒಂದು ಅಂಗಿ ಹೊಲಿದ. ಹೌದಪ್ಪ, ಪೆಟ್ಟಿಗೆಗೇ! ನಾಲ್ಕೂ ಮೂಲೆ ಚೂಪಾಗಿ, ಒಂದು ಸುಕ್ಕಿಲ್ಲದಂತೆ. ವೈರು ಹೊರಬರಲು ಗುಂಡಿಯ ಕಾಜಾದಂತೆ ಸಣ್ಣ ಸಣ್ಣ ತೂತು ಮಾಡಿ ಸುತ್ತ ದಾರ ಹಾಕಿದ. ನಮ್ಮ ಮಂದಿಗೆ ಹೊಸ ವಸ್ತು ಬಂದರೆ ಅದನ್ನು ಹೊದಿಸದೆ ನಿದ್ದೆ ಬರುವುದಿಲ್ಲ. ಟೀವಿಗೆ ಬಟ್ಟೆ, ಮಿಕ್ಸಿಗೆ ಬಟ್ಟೆ, ಕುರ್ಚಿಯ ಪ್ಲಾಸ್ಟಿಕ್ಕು ಹರಿದು ಚಿಂದಿಯಾದರೂ ತೆಗೆಯುವುದಿಲ್ಲ. ಮೇಲಾಗಿ ಇವನು ದರ್ಜಿ. ಕೇಳಬೇಕೆ?

ಮಗಳು ಆಟಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಯಂತ್ರ ನಿಂತುಹೋಯಿತು.

ನಿನಗೆ ಆಗಲೇ ನಗು ಬಂತು, ಅಲ್ಲವೇ ಮರುಳಸಿದ್ಧ? ಆಟವಾಡುವಾಗ ಆ ಪೆಟ್ಟಿಗೆ ಒಲೆಯ ಹಾಗೆ ಕಾಯುತ್ತದಂತೆ. ಗಾಳಿ ಸಿಗದಿದ್ದರೆ ತಾನಾಗಿಯೇ ನಿಂತುಬಿಡುತ್ತದಂತೆ. ನಿನಗೂ ನನಗೂ ಈಗ ತಿಳಿಯಿತು. ಅವನಿಗೆ ತಿಳಿಯಲಿಲ್ಲ. ಹೊಲಿದವನು ಅವನಲ್ಲವೇ?

ಮರುದಿನ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಪೇಟೆಗೆ ಹೋದ. ರೇಷ್ಮೆ ಕೊಳೆಯಾದೀತೆಂದು ಅಂಗಿಯನ್ನು ಮನೆಯಲ್ಲೇ ಬಿಟ್ಟು ಹೋದ. ವರ್ತಕ ಅದೇ ಆಟ ಹಾಕಿ ಸಂಜೆಯವರೆಗೆ ಓಡಿಸಿದ. ಯಂತ್ರ ಕಮಕ್ ಕಿಮಕ್ ಅನ್ನಲಿಲ್ಲ. ಮನೆಗೆ ತಂದ, ಅಂಗಿ ತೊಡಿಸಿದ, ನಿಂತಿತು.

ವರ್ತಕ ಮನೆಯ ಕರೆಂಟು ಸರಿಯಿಲ್ಲ ಎಂದ. ದರ್ಜಿ ಹೊಸ ವೈರು ಎಳೆಸಿದ. ನಿಂತಿತು. ಕಾರ್ಡಿನಲ್ಲೇ ದೋಷವಿದ್ದೀತೆಂದು ಜಗಳವಾಡಿ ಕಾರ್ಡು ಬದಲಿಸಿ ತಂದ. ನಿಂತಿತು. ಯಾರದೋ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು ನಿವಾಳಿಸಿ ಬೀದಿಗೆ ಎಸೆದ. ಆಗಲೂ ನಿಂತಿತು. ಕೊನೆಗೆ, ನೂಲಿನ ಧೂಳು ಹೇಗೋ ಒಳಗೆ ಹೋಗುತ್ತಿರಬೇಕು ಎಂದು ತರ್ಕಿಸಿ, ಅಂಗಿಗೆ ಒಳಗಿನಿಂದ ದಪ್ಪ ಅಸ್ತರು ಕೊಟ್ಟ.

ಪಂದ್ಯದ ದಿನ ಬಂತು. ಅವನು ಆ ಅಂಗಿಗೆ ಇಸ್ತ್ರಿ ಹಾಕಿ, ಮದುಮಗನಿಗೆ ತೊಡಿಸಿದ ಹಾಗೆ ತೊಡಿಸಿ, ಮೇಲಿಂದ ಕೈಯಾಡಿಸಿದ. ಮಗಳು ನೋಡುತ್ತ ಕೂತಿದ್ದಳು. ಸೆಕೆ ಬೇರೆ. ತನ್ನ ಕಡೆಗಿದ್ದ ಟೇಬಲ್ ಫ್ಯಾನನ್ನು ಪೆಟ್ಟಿಗೆಯ ಕಡೆಗೆ ತಿರುಗಿಸಿ ತಾನು ಬೆವರುತ್ತ ಆಡತೊಡಗಿದಳು. ದರ್ಜಿ ಅಂದು ಯಾರ ಬಟ್ಟೆಯನ್ನೂ ಮುಟ್ಟಲಿಲ್ಲ. ಅವಳ ಹಿಂದೆಯೇ ಕೈಕಟ್ಟಿ ನಿಂತುಬಿಟ್ಟ. ಆಟ ತಿಳಿಯದಿದ್ದರೂ, ಗೆಲ್ಲುತ್ತಿದ್ದಾಳೆ ಎನ್ನುವುದು ಅವಳ ಬೆನ್ನು ನೋಡಿದರೆ ತಿಳಿಯುತ್ತಿತ್ತು.

ಇನ್ನೇನು ಮುಗಿಯಬೇಕು, ಪರದೆ ಕಪ್ಪಾಯಿತು.

ಮಗಳು ಅಳಲಿಲ್ಲ. ಕಿವಿಯ ಮೇಲಿನ ಹೆಡ್‌ಫೋನ್ ತೆಗೆದಿಟ್ಟು ಅನ್ನಕ್ಕೆ ಅಕ್ಕಿ ತೊಳೆಯಲು ಎದ್ದಳು. ಉಳಿದ ನಾಲ್ವರು ಅವತ್ತೇ ಬೇರೊಬ್ಬಳನ್ನು ನೋಡಿಕೊಂಡರು. ಅವರನ್ನೂ ಬೈಯುವಂತಿಲ್ಲ. ಅವರೂ ಸೋತಿದ್ದರು.

ದರ್ಜಿಗೆ ರೋಷ ಉಕ್ಕಿತು. ಬಿಚ್ಚುವ ವ್ಯವಧಾನವೂ ಇಲ್ಲದೆ, ಅಂಗಿ ಸಮೇತ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ವರ್ತಕನ ಮುಂದೆ ಕುಕ್ಕಿದ.

ವರ್ತಕ ಅದನ್ನು ನೋಡಿದ. ದರ್ಜಿಯ ಮುಖ ನೋಡಿದ. “ಇದೇನು?”

“ಧೂಳಿಗೆ.”

“ಆಡುವಾಗ ತೆಗೆಯುತ್ತೀರಲ್ಲ?”

“ತೆಗೆಯುವುದೇಕೆ? ಆಡುವಾಗಲೇ ನಾನು ಬಟ್ಟೆ ಕತ್ತರಿಸುತ್ತಿರುತ್ತೇನೆ.”

ವರ್ತಕನಿಗೆ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಪೆಟ್ಟಿಗೆಯ ಎರಡು ಕಡೆ ಇದ್ದ ಜಾಲರಿಗಳನ್ನು ತೋರಿಸಿದ. “ಇಲ್ಲಿಂದ ತಂಪು ಗಾಳಿ ಒಳಗೆ, ಇಲ್ಲಿಂದ ಬಿಸಿ ಗಾಳಿ ಹೊರಗೆ. ವಾರಕ್ಕೊಮ್ಮೆ ಬ್ರಷ್ಷಿನಲ್ಲಿ ಧೂಳು ಒರೆಸಿದ್ದರೆ ಸಾಕಿತ್ತು. ನೀವು ಇದರ ಮೂಗು ಬಾಯಿ ಕಟ್ಟಿದ್ದೀರಿ, ಯಜಮಾನರೇ.”

ದರ್ಜಿ ಮನೆಗೆ ಓಡೋಡಿ ಬಂದ. ತನ್ನ ದಡ್ಡತನಕ್ಕೆ ನಾಚಿಕೆಯಾಗಿತ್ತು. ಆದರೆ ಯಂತ್ರ ಕೆಟ್ಟಿಲ್ಲ ಎಂಬ ಸಂತೋಷ ನಾಚಿಕೆಗಿಂತ ದೊಡ್ಡದಾಗಿತ್ತು. “ಮಂದಾ, ಗೊತ್ತಾಯಿತು ಕಣಮ್ಮಾ! ಒಂದೂ ಕೆಟ್ಟಿಲ್ಲ. ಎಲ್ಲಾ ಈ ಹಾಳು ಅಂಗಿಯಿಂದಾದದ್ದು!”

ಮಗಳು ಒಲೆಯ ಮುಂದಿದ್ದಳು. ತಿರುಗಲಿಲ್ಲ.

“ಗೊತ್ತಿತ್ತಪ್ಪ,” ಎಂದಳು.

“ಗೊತ್ತಿತ್ತೇ? ಎಂದಿನಿಂದ?”

“ಮೊದಲ ದಿನದಿಂದ. ಕೈ ಇಟ್ಟರೆ ಸುಡುತ್ತಿತ್ತು.”

ದರ್ಜಿ ಅವಳ ಬಳಿಗೆ ಬಂದ. “ಮತ್ತೆ ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇ?”

“ಹೇಗೆ ಹೇಳಲಿ? ಮೋಟಾರು ಬಿಟ್ಟು ಇದನ್ನು ತಂದೆ. ಮೊಣಕಾಲು ಹಿಡಿದುಕೊಂಡೇ ರಾತ್ರಿ ಕೂತು ಇದಕ್ಕೆ ಹೊಲಿದೆ. ಹೊದಿಸುವಾಗ ನಿನ್ನ ಮುಖ ಅಮ್ಮ ಇದ್ದಾಗಿನ ಹಾಗೆ ಇರುತ್ತಿತ್ತು.”

ಅಜ್ಜನವರು ಕತೆ ನಿಲ್ಲಿಸಿ ಕನ್ನಡಕವನ್ನು ಮತ್ತೆ ಏರಿಸಿಕೊಂಡರು.

ಮರುಳಸಿದ್ಧ ಮುಂದಕ್ಕೆ ಬಾಗಿದ. “ಆಮೇಲೆ? ಅವಳನ್ನು ಮತ್ತೆ ತಂಡಕ್ಕೆ ಸೇರಿಸಿಕೊಂಡರೇ?”

“ಇಲ್ಲ. ಹೋದದ್ದು ಹೋಯಿತು. ಈಗ ಒಬ್ಬಳೇ ಆಡುತ್ತಾಳಂತೆ. ಯಂತ್ರ ಚೆನ್ನಾಗಿ ಓಡುತ್ತದಂತೆ.”

ಮರುಳಸಿದ್ಧ ನಿಟ್ಟುಸಿರು ಬಿಟ್ಟ. ಪಾಪದ ಹುಡುಗಿ ಅನ್ನಿಸಿತು. ಜೊತೆಗೆ ಮನಸ್ಸು ಕೊಂಚ ಹಗುರವೂ ಆಯಿತು. ತಾನು ಆ ದರ್ಜಿಯಷ್ಟು ಕುರುಡನಲ್ಲವಲ್ಲ.

“ಕತೆ ತಿಳಿಯಿತು, ಅಜ್ಜನವರೇ. ಆದರೆ ನಮ್ಮ ನಿಲಯದಲ್ಲಿ ಹಾಗಾಗಲು ಎಡೆಯಿಲ್ಲ. ನಾನು ಪ್ರತಿದಿನ ಊಟದ ಪಂಕ್ತಿಯಲ್ಲಿ ನಿಂತು ಒಂದೊಂದೇ ಮಗುವನ್ನು ಕೇಳುತ್ತೇನೆ, ಏನಾದರೂ ತೊಂದರೆ ಇದೆಯೇನಪ್ಪ ಎಂದು. ಒಂದಾದರೂ ಇದೆ ಅಂದಿಲ್ಲ. ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ.”

“ದರ್ಜಿಯೂ ಮಗಳನ್ನು ದಿನಾ ಕೇಳುತ್ತಿದ್ದನಪ್ಪ,” ಎಂದರು ಅಜ್ಜನವರು.