ಬೀಜಕ್ಕೆ ಬಿಟ್ಟ ಹೀರೆಕಾಯಿ

“ಗುರುಗಳೇ, ಹಲವರು ಕಾಪಾಡಿಕೊಂಡು ಬಂದದ್ದನ್ನು ಒಬ್ಬರಿಗಾಗಿ ಕಳೆಯಬಹುದೇ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಪುಟ್ಟಲಿಂಗಮ್ಮ ಎಂಬ ಹೆಂಗಸಿದ್ದಳು. ಅವಳ ಹಿತ್ತಲಿನಲ್ಲಿ ಒಂದು ಬಗೆಯ ಹೀರೆ ಬೆಳೆಯುತ್ತಿತ್ತು. ಕಾಯಿ ಗಿಡ್ಡ, ಬೇಯಿಸಿದರೆ ಬೆಲ್ಲ ಹಾಕಿದಷ್ಟು ಸಿಹಿ. ಆ ತಳಿ ಬೇರೆ ಯಾರ ಹಿತ್ತಲಿನಲ್ಲೂ ಇರಲಿಲ್ಲ. ಆ ಮನೆಗೆ ಬಂದ ಸೊಸೆಯರು, ಒಬ್ಬರ ನಂತರ ಒಬ್ಬರು, ಅದರ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಮಡಕೆಯಲ್ಲಿಟ್ಟು ಕಾದಿದ್ದರು. ಪುಟ್ಟಲಿಂಗಮ್ಮನಿಗೆ ಅದನ್ನು ಕೊಟ್ಟವಳು ಅವಳ ಅತ್ತೆ.

ಒಂದು ವರ್ಷ, ಮಡಕೆಯ ಬೀಜವೆಲ್ಲ ನೆಲ ಸೇರಿದ ಮೇಲೆ, ಬಳ್ಳಿಗಳಿಗೆ ರೋಗ ಬಿತ್ತು. ಕೊನೆಗೆ ಉಳಿದದ್ದು ಒಂದೇ ಬಳ್ಳಿ, ಅದರಲ್ಲಿ ಒಂದೇ ಎಳೆಕಾಯಿ. ಬಳ್ಳಿಯಲ್ಲೇ ಒಣಗಲು ಬಿಟ್ಟರೆ ಬೀಜ ಸಿಗುತ್ತಿತ್ತು, ಆದರೆ ಕಾಯಿ ನಾರಾಗಿ ತಿನ್ನಲು ಬರುತ್ತಿರಲಿಲ್ಲ. ಎಳೆಯದನ್ನೇ ಕೊಯ್ದರೆ ಅಡುಗೆಗಾಗುತ್ತಿತ್ತು, ಬೀಜ ಸಿಗುತ್ತಿರಲಿಲ್ಲ. ಪುಟ್ಟಲಿಂಗಮ್ಮ ಅದನ್ನು ಬೀಜಕ್ಕೆ ಬಿಟ್ಟಳು.

ಅದೇ ದಿನಗಳಲ್ಲಿ ಅತ್ತೆ ಹಾಸಿಗೆ ಹಿಡಿದಳು. ಅವಳಿಗೆ ಅನ್ನ ಸೇರಲಿಲ್ಲ, ಗಂಜಿ ಸೇರಲಿಲ್ಲ. ದೊಡ್ಡಪತ್ರೆಯ ತಂಬುಳಿಯೂ ಗಂಟಲಿಳಿಯಲಿಲ್ಲ. ಒಂದು ಬೆಳಗ್ಗೆ ಅರೆನಿದ್ದೆಯಲ್ಲಿ, “ನಮ್ಮ ಹಿತ್ತಲ ಹೀರೆಕಾಯಿ ತೊವ್ವೆ ಮಾಡಿ ಕೊಡೇ” ಎಂದಳು.

ಪುಟ್ಟಲಿಂಗಮ್ಮ ಹಿತ್ತಲಿಗೆ ಹೋದಳು. ಮಂಜು ಕವಿದಿತ್ತು. ಚಪ್ಪರದ ಕೆಳಗೆ ನಿಂತಾಗ, ಬೇಲಿಯ ಉದ್ದಕ್ಕೂ ಹೆಂಗಸರು ನಿಂತಂತೆ ಅವಳಿಗೆ ಕಂಡಿತು. ಸೆರಗು ಹೊದ್ದವರು, ಮಡಿಲಲ್ಲಿ ಏನನ್ನೋ ಕಟ್ಟಿಕೊಂಡವರು. ಒಬ್ಬರ ಮುಖವೂ ಅವಳಿಗೆ ಗೊತ್ತಿರಲಿಲ್ಲ; ಆದರೂ ಯಾರೂ ಹೊರಗಿನವರು ಎನಿಸಲಿಲ್ಲ. ಅವರಲ್ಲಿ ಒಬ್ಬಳಾದರೂ ‘ಬೇಡ’ ಅನ್ನಲಿ ಎಂದು ಅವಳು ಕಾದಳು. ಯಾರೂ ಅನ್ನಲಿಲ್ಲ. ಎಲೆಯಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು. ಮಂಜು ಕರಗಿದಾಗ ಅಲ್ಲಿ ಬರೀ ಬೇಲಿ ಇತ್ತು. ಅವಳು ಕಾಯಿಯನ್ನು ಕೊಯ್ದಳು. ಒಳಗೆ ಬಂದು ತೊವ್ವೆ ಮಾಡಿದಳು.

ಅತ್ತೆ ಗೋಡೆಗೆ ಒರಗಿ ಕುಳಿತು ಮೂರು ತುತ್ತು ಉಂಡಳು. ನಾಲ್ಕನೆಯದಕ್ಕೆ ಸೊಸೆಯ ಕೈ ತಡೆದಳು.

“ಬೀಜಕ್ಕೆ ಬಿಟ್ಟದ್ದಲ್ಲವೇನೇ ಇದು?”

“ಹೌದು, ಅತ್ತೆ.”

“ಬೇರೆ ಇದೆಯಾ?”

“ಇಲ್ಲ.”

ಮುದುಕಿ ತಟ್ಟೆಯನ್ನೇ ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿ ಬಂತು. ಆಮೇಲೆ, “ಹಾಕು, ಆರಿಹೋಗುತ್ತೆ” ಎಂದು ಬಾಯಿ ತೆರೆದಳು. ತಟ್ಟೆ ಬರಿದಾಗುವವರೆಗೂ ಉಂಡಳು. ಉಣ್ಣುತ್ತಲೇ, ತಾನು ಮದುವೆಯಾಗಿ ಬಂದ ವರ್ಷ ಆ ಹಿತ್ತಲಿನಲ್ಲಿ ಒಬ್ಬಳೇ ಕೂತು ಅತ್ತದ್ದನ್ನು, ಆಗ ತನ್ನ ಅತ್ತೆ ಇದೇ ತೊವ್ವೆ ಕಲಸಿ ತುತ್ತಿಟ್ಟದ್ದನ್ನು ಹೇಳಿದಳು. ಎಷ್ಟೋ ದಿನಗಳ ನಂತರ ಆ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ನಾಲ್ಕು ದಿನಕ್ಕೆ ಅವಳು ತೀರಿಕೊಂಡಳು. ಆ ಹೀರೆ ಮತ್ತೆ ಎಲ್ಲೂ ಬೆಳೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ತಡೆಯಲಾರದೆ, “ಅತ್ತೆಯೂ ಉಳಿಯಲಿಲ್ಲ, ತಳಿಯೂ ಉಳಿಯಲಿಲ್ಲ. ಅಷ್ಟು ಮಂದಿ ಸೊಸೆಯರು ಕಾದದ್ದು ವ್ಯರ್ಥವಾಯಿತಲ್ಲ, ಗುರುಗಳೇ?” ಎಂದ.

ಗುರುಗಳೆಂದರು: “ಅವರೆಲ್ಲ ಅದನ್ನು ಯಾರ ಹಸಿವಿಗೆಂದು ಕಾದಿದ್ದರು?”