ಕಳಕಪ್ಪ ಬಣ್ಣ ಹೊಂದಿಸಿದ್ದು

ನಗುವವರು ಮುಂದೆ ಕೂಡಿ, ನಗಲಾರದವರು ಹಿಂದೆ ಕೂಡಿ, ಕತೆ ಎಲ್ಲರಿಗೂ ಒಂದೇ.

ಒಂದು ಊರಿನಲ್ಲಿ ಬಾಳವ್ವ ಅಂತ ಒಬ್ಬ ನೇಕಾರಳಿದ್ದಳು. ರವಿಕೆಯ ಖಣ ನೇಯುವುದರಲ್ಲಿ ಅವಳಿಗೆ ಸಾಟಿ ಇಲ್ಲ. ನೂಲಿಗೆ ಬಣ್ಣ ಹಾಕುವುದೂ ಅವಳೇ, ನೇಯುವುದೂ ಅವಳೇ. ಅವಳಿಗೊಬ್ಬ ಮಗ, ಹೆಸರು ಕಳಕಪ್ಪ. ಆಳೆತ್ತರ ಬೆಳೆದಿದ್ದ, ದಪ್ಪ ಮೀಸೆ ಬಂದಿತ್ತು, ಯಾವ ಕೆಲಸಕ್ಕೂ ಒಲ್ಲೆ ಅನ್ನುತ್ತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತಾಪತ್ರಯ.

ಬಾಳವ್ವನ ನಾಲ್ಕು ಮಗ್ಗಗಳೂ ಕೊಲ್ಲಾಪುರದ ಉಮಾಬಾಯಿಯ ಅಂಗಡಿಯನ್ನೇ ನಂಬಿದ್ದವು. ಒಮ್ಮೆ ಉಮಾಬಾಯಿ ಫೋನು ಮಾಡಿದಳು. "ಬಾಳವ್ವ, ನಿಮ್ಮ ಖಣದ ಫೋಟೊ ತೆಗೆದು ಒಂದು ಆಲ್ಬಂ ಮಾಡಿಡ್ರಿ. ನಮ್ಮಲ್ಲಿ ಹೆಣ್ಣಮಕ್ಕಳು ಫೋಟೊ ನೋಡಿ ಆರಿಸ್ತಾರ. ಮುಂದಿನ ಸೋಮವಾರ ನಾನ ಬಂದು ಒಯ್ತೀನಿ. ಆದ್ರ ಫೋಟೋದಾಗ ಒಂದು ಬಣ್ಣ, ಬಟ್ಟ್ಯಾಗ ಒಂದು ಬಣ್ಣ ಆತಂದ್ರ ನಾ ಬ್ಯಾರೆ ಮಗ್ಗ ನೋಡಿಕೋತೀನಿ."

ಉಮಾಬಾಯಿ ಬೇರೆ ಮಗ್ಗ ನೋಡಿದರೆ ಬಾಳವ್ವನ ನಾಲ್ಕೂ ನಿಂತ ಹಾಗೆ. ಬಾಳವ್ವ ಒಂದು ಪ್ರಿಂಟರ್ ತಂದಳು. ಅದರ ಜೊತೆ ಬಂದ ಪುಸ್ತಕವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಒಮ್ಮೆಗೆ ತಿಳಿಯದ್ದನ್ನು ಮೂರು ಸಲ ಓದಿದಳು. "ಮಂದಿ ಮಾಡಿದ ಯಂತ್ರ, ಮಂದಿಗೆ ತಿಳೀಲಾರದ ಏನು," ಅಂದಳು. ಆದರೆ ಮಗ್ಗ ಬಿಟ್ಟು ದಿನವಿಡೀ ಅದರ ಮುಂದೆ ಕೂಡಲು ಆಗುತ್ತದೆಯೇ? ಮಗನನ್ನು ಕೂಡಿಸಿದಳು.

"ಕಳಕ್ಯಾ, ಲ್ಯಾಪ್‌ಟಾಪಿನ್ಯಾಗ ಖಣ ಚಂದ ಕಾಣೂಹಂಗ ಮಾಡಿ ಪ್ರಿಂಟ್ ತೆಗಿ."

"ಹೂಂನವ್ವ."

ಚಂದ ಕಾಣಲಿ ಅಂತ ಪರದೆಯ ಬೆಳಕನ್ನು ಕಣ್ಣು ಕುಕ್ಕುವಷ್ಟು ಏರಿಸಿದ. ನೇರಳೆ ಖಣ ಪರದೆಯ ಮೇಲೆ ಫಳಫಳ ಹೊಳೆಯಿತು. ಪ್ರಿಂಟ್ ತೆಗೆದರೆ ಕಾಗದದ ಮೇಲೆ ಬಂದದ್ದು ಇದ್ದಲಿನ ಬಣ್ಣ.

ಬಾಳವ್ವ ಬಂದು ನೋಡಿದಳು. "ಕಾಗದಕ್ಕ ಹಿಂದ ದೀಪ ಇರತೈತೇನೋ? ಬೆಳಕು ಕಮ್ಮಿ ಮಾಡಿಕೊಂಡು ಕೆಲಸ ಮಾಡು. ಅವಾಗ ಕಣ್ಣಿಗೆ ಮೋಸ ಆಗೂದಿಲ್ಲ."

"ಹೂಂನವ್ವ, ಬೆಳಕು ಕಮ್ಮಿ ಮಾಡ್ತೀನಿ."

ಮರುದಿನ ಗಿಣಿಹಸಿರು ಖಣದ ಫೋಟೊ ತೆಗೆಯಬೇಕು. ಕಳಕಪ್ಪ ಬಾಗಿಲು ಹಾಕಿದ, ಕಿಟಕಿಗೆ ಗೋಣಿಚೀಲ ಕಟ್ಟಿದ, ಬೆಳಕಿಂಡಿಗೆ ಮೊರ ಮುಚ್ಚಿದ. ತಡವರಿಸಿ ಖಣ ಹುಡುಕಿ ಫೋಟೊ ತೆಗೆದ. ಗಿಣಿಹಸಿರು ಹೋಗಿ ಸೆಗಣಿಯ ಬಣ್ಣ ಬಂತು.

"ಕತ್ತಲ್ಯಾಗ ಯಾಕ ಕುಂತೀಯೋ?"

"ನೀನ ಹೇಳಿದೆಲ್ಲವ್ವ, ಬೆಳಕು ಕಮ್ಮಿ ಅಂತ."

"ಅದು ಪರದೇಕ್ಕ ಹೇಳಿದ್ದು, ಮನೀಗಲ್ಲ. ಬಣ್ಣದ ಕೆಲಸ ಅಂದ್ರ ಅಂಗಳಕ್ಕ ಒಯ್ಯಬೇಕು, ಬಿಸಿಲಿನ್ಯಾಗ ಇಡಬೇಕು, ಕಣ್ತುಂಬ ನೋಡಬೇಕು."

"ಹೂಂನವ್ವ, ಅಂಗಳಕ್ಕ ಒಯ್ತೀನಿ."

ಬಣ್ಣದ ಕೆಲಸ ಮಾಡುವುದು ಯಾವುದು? ಪ್ರಿಂಟರ್. ಕಳಕಪ್ಪ ಅದನ್ನೇ ಹೊತ್ತು ಅಂಗಳಕ್ಕೆ ಒಯ್ದ. ಏಪ್ರಿಲ್ ಬಿಸಿಲು. ಮುಚ್ಚಳ ತೆಗೆದು ಬಂಡೆಯ ಮೇಲೆ ಇಟ್ಟು, ಎದುರಿಗೆ ಕೂತು ಕಣ್ತುಂಬ ನೋಡಿದ. ಸಂಜೆ ಒಳಗೆ ತಂದು ಪ್ರಿಂಟ್ ತೆಗೆದರೆ ಖಣದ ಉದ್ದಕ್ಕೂ ಬಿಳಿ ಗೆರೆ, ಬಾಚಣಿಗೆ ಎಳೆದ ಹಾಗೆ.

ಬಾಳವ್ವ ತಲೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಕೈ ತೆಗೆದು ಪುಸ್ತಕ ಹಿಡಿದಳು. ಇಂಕ್ ಬರುವ ಸಣ್ಣ ತೂತುಗಳು ಒಣಗಿ ಮುಚ್ಚಿಕೊಂಡಿದ್ದವು. ಅದಕ್ಕೊಂದು ಬಟನ್ ಇತ್ತು. ಒತ್ತಿದರೆ ಯಂತ್ರ ಒಳಗೊಳಗೇ ತೂತು ತೊಳೆದುಕೊಳ್ಳುತ್ತದೆ. ಒತ್ತಿದಳು, ಪ್ರಿಂಟ್ ತೆಗೆದಳು, ಮತ್ತೆ ಒತ್ತಿದಳು. ಮೂರನೆಯ ಸಲಕ್ಕೆ ಗೆರೆ ಹೋದವು.

"ನೋಡಿದೇನು? ಗೆರೆ ಕಂಡ್ರ ಈ ಬಟನ್ ಒತ್ತು. ಗೆರೆ ಹೋಗೂತನಕ ಬಿಡಬ್ಯಾಡ."

"ಹೂಂನವ್ವ, ಬಿಡೂದಿಲ್ಲ."

ಮರುದಿನ ಯಾವ ಖಣದ ಸರದಿ? ಗೆರೆಗೆರೆ ಖಣದ್ದು. ಹಳದಿಯ ಮೇಲೆ ಬಿಳಿ ಗೆರೆ, ಬಾಳವ್ವ ಎಳೆ ಎಣಿಸಿ ನೇಯ್ದದ್ದು. ಕಳಕಪ್ಪ ಪ್ರಿಂಟ್ ತೆಗೆದ. ಗೆರೆ ಕಂಡವು. ಬಟನ್ ಒತ್ತಿದ. ಮತ್ತೆ ತೆಗೆದ. ಗೆರೆ ಇದ್ದವು. ಬಟನ್ ಒತ್ತಿದ. ಊಟಕ್ಕೆ ಏಳಲಿಲ್ಲ, ನೀರಿಗೆ ಏಳಲಿಲ್ಲ. ಇಪ್ಪತ್ತು ಸಲ ಒತ್ತಿದ. ಬಾಳವ್ವ ಬರುವ ಹೊತ್ತಿಗೆ ಇಂಕಿನ ಡಬ್ಬಿಗಳು ತಳ ಕಂಡಿದ್ದವು.

"ಹೋಗವಲ್ಲವು ಯವ್ವ. ಭಾಳ ಗಟ್ಟಿ ಗೆರೆ."

"ಗಟ್ಟಿ ಇರಲಾರದ ಏನೋ ಮೂಳ, ನಾನ ನೇಯ್ದ ಗೆರೆ ಅವು."

ಹೊಸ ಇಂಕು ಬಂತು. ಕಾಗದ ಮಾತ್ರ ಕೆಲವೇ ಉಳಿದಿದ್ದವು. ಆ ಹೊಳಪಿನ ಫೋಟೊ ಪೇಪರು ಆ ಊರಲ್ಲಿ ಸಿಗುತ್ತಿರಲಿಲ್ಲ. ಈ ಸಲ ಬಾಳವ್ವ ತಾನೇ ಕೂತು ಮಿಕ್ಕ ಖಣಗಳ ಪ್ರಿಂಟ್ ತೆಗೆದು ಮುಗಿಸಿದಳು. ಒಂದೊಂದನ್ನೂ ಬಟ್ಟೆಯ ಪಕ್ಕ ಇಟ್ಟು ನೋಡಿ, ಸರಿ ಬಂದದ್ದನ್ನೇ ಆಲ್ಬಮಿಗೆ ಸೇರಿಸಿದಳು. ಉಳಿದದ್ದು ದಾಳಿಂಬೆ ಕೆಂಪಿನದೊಂದೇ, ಕಾಗದ ಎರಡೇ. ನಾಳೆ ಸೋಮವಾರ.

"ಕಳಕ್ಯಾ, ಯಂತ್ರಕ್ಕ ಕಣ್ಣಿಲ್ಲ. ಸಾದಾ ಕಾಗದ ಹಾಕೀವೋ ಹೊಳಪಿನ ಕಾಗದ ಹಾಕೀವೋ ಅದಕ್ಕ ಗೊತ್ತಾಗೂದಿಲ್ಲ. ಮೊದಲು ಅದನ್ನ ಹೇಳು. ಹೇಳದಿದ್ರ ಬಣ್ಣ ಕೆಡತೈತಿ."

"ಹೂಂನವ್ವ, ಹೇಳ್ತೀನಿ."

ಕಳಕಪ್ಪ ಪ್ರಿಂಟರಿನ ಹತ್ತಿರ ಬಗ್ಗಿದ. "ಇದು ಹೊಳಪಿನ ಕಾಗದರೀ," ಅಂದ. ಕೇಳಿಸಿತೋ ಇಲ್ಲವೋ ಅಂತ ಇನ್ನೊಮ್ಮೆ ಜೋರಾಗಿ ಹೇಳಿದ. ಹೇಳಿ ಪ್ರಿಂಟ್ ತೆಗೆದ. ಲ್ಯಾಪ್‌ಟಾಪಿನಲ್ಲಿ ಕಾಗದ ಆರಿಸುವ ಪಟ್ಟಿಯಲ್ಲಿ ಸಾದಾ ಕಾಗದ ಅಂತಲೇ ಇತ್ತು. ದಾಳಿಂಬೆ ಕೆಂಪು ಹೋಗಿ ಸುಟ್ಟ ಬದನೆಕಾಯಿಯ ಬಣ್ಣ ಬಂತು.

ಬಾಳವ್ವ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಮಗ್ಗದ ಮನೆಯಿಂದ ಕರೆ ಬಂತು, ಮಗ್ಗದ ಹಾಸಿನ ಎಳೆ ಹರಿದಿದ್ದವು. ಹೋಗುತ್ತ ಹೋಗುತ್ತ ಹೇಳಿದಳು. "ಪ್ರಿಂಟು ಬಟ್ಟಿ ಎರಡೂ ಮಗ್ಗಲಕ ಮಗ್ಗಲ ಇಟ್ಟು ನೋಡು. ಎಲ್ಲಿ ತಪ್ಪೈತಿ ತಿಳಕೊಂಡು ಎರಡೂ ಒಂದ ಬಣ್ಣ ಮಾಡು. ಕಾಗದ ಒಂದ ಉಳದೈತಿ, ಅದನ್ನ ಹಾಳು ಮಾಡಿದಿ ಅಂದ್ರ ನಾ ಸುಮ್ಮನಿರಾಕಿಲ್ಲ."

ಕಳಕಪ್ಪ ನೋಡಿದ. ಎರಡೂ ಒಂದೇ ಬಣ್ಣ ಆಗಬೇಕು. ಕಾಗದ ಹಾಳಾಗಬಾರದು. ಹಾಗಾದರೆ ಉಳಿದದ್ದು ಬಟ್ಟೆ. ಅವ್ವ ನೂಲಿಗೆ ಬಣ್ಣ ಹಾಕುವ ಹಿತ್ತಲಿಗೆ ಹೋದ, ಗಡಿಗೆ ಏರಿಸಿದ. ನೀಲಿ ಚಿಟಿಕೆ, ಕಪ್ಪು ಚಿಟಿಕೆ, ಇನ್ನೊಂದು ನೀಲಿ ಚಿಟಿಕೆ. ಖಣವನ್ನು ಕುದಿಸಿದ, ತೆಗೆದ, ಪ್ರಿಂಟಿನ ಪಕ್ಕ ಹಿಡಿದ, ಮತ್ತೆ ಕುದಿಸಿದ. ಬಿಡಲಿಲ್ಲ. ಕೊನೆಗೆ ಯಾವುದು ಪ್ರಿಂಟು ಯಾವುದು ಖಣ ಅಂತ ತಿಳಿಯದ ಹಾಗೆ ಹೊಂದಿಸಿದ. ಒಣಗಿಸಿ, ಮಡಚಿ, ಪ್ರಿಂಟನ್ನು ಆಲ್ಬಮಿಗೆ ಸೇರಿಸಿ, ಎರಡನ್ನೂ ಮೇಜಿನ ಮೇಲೆ ಇಟ್ಟು ಮಲಗಿದ.

ಬೆಳಿಗ್ಗೆ ಬಾಳವ್ವ ಆಲ್ಬಂ ನೋಡುವ ಮೊದಲೇ ಉಮಾಬಾಯಿಯ ಕಾರು ಬಂತು. ಒಳಗೆ ಬಂದವಳೇ ಆಲ್ಬಂ ತೆರೆದು, ಒಂದೊಂದು ಹಾಳೆಗೂ ಖಣ ಹಿಡಿದು ನೋಡಿದಳು. ಗಿಣಿಹಸಿರು ಸರಿ. ನೇರಳೆ ಸರಿ. ಕೊನೆಯ ಹಾಳೆಗೆ ಬಂದು ನಿಂತಳು.

"ಇದೇನು ಬಾಳವ್ವ, ಕನ್ನಡ್ಯಾಗ ನೋಡಿಧಂಗ ಐತಿ. ಒಂದ ಒಂದು ಕೂದಲೆಳಿ ಫರಕಿಲ್ಲ."

ಬಾಳವ್ವ ತನ್ನ ದಾಳಿಂಬೆ ಖಣದ ಗತಿ ನೋಡಿದಳು. ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವ ಹೆಂಗಸಲ್ಲ ಅವಳು. "ಬಾಯಾರ, ಸುಳ್ಳು ಹೇಳಿ ನಾ ಮಾಲು ಕೊಡೂದಿಲ್ಲ. ಇದು ನನ್ನ ಬಣ್ಣ ಅಲ್ಲ. ನನ್ನ ಮಗ ಪ್ರಿಂಟಿಗೆ ತಕ್ಕಂಗ ಬಟ್ಟಿ ಕುದಿಸ್ಯಾನ."

ಉಮಾಬಾಯಿ ಕುರ್ಚಿ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಒದ್ದೆ ಬೆರಳಿನಿಂದ ಖಣ ಉಜ್ಜಿ ನೋಡಿದಳು. ಬಣ್ಣ ಬಿಡಲಿಲ್ಲ. "ಯಾರರೆ ಕುದಿಸಲಿ, ಇಂಥಾ ಬಣ್ಣ ನಾ ಎಲ್ಲೂ ಕಂಡಿಲ್ಲ. ನನಗ ಇದ ಬೇಕು. ನಾಲ್ಕೂ ಮಗ್ಗಕ್ಕ ಇದನ್ನ ಏರಸ್ರಿ. ಖಣ ನಾ ಒಯ್ತೀನಿ. ಈ ಫೋಟೊ ನಿಮ್ಮಲ್ಲಿ ಇರಲಿ, ಇದಕ್ಕ ತಕ್ಕಂಗ ನೂಲಿಗೆ ಬಣ್ಣ ಹಾಕ್ರಿ. ಇದರಾಗ ಚೂರು ಬದಲಾತಂದ್ರ ನಾ ಒಲ್ಲೆ."

ಕಾರು ಹೋಯಿತು. ಬಾಳವ್ವ ಸೀರೆಯ ಸೆರಗು ಬಿಗಿದಳು. ಒಲೆ ಹೊತ್ತಿಸಿದಳು, ಗಡಿಗೆ ಏರಿಸಿದಳು. "ಎಷ್ಟೆಷ್ಟು ಹಾಕಿದ್ಯೋ?"

"ಎಣಿಸಿಲ್ಲವ್ವ."

"ಹಂಗಾದ್ರ ನೋಡು, ಈ ಫೋಟೋದಾಗಿನ ಬಣ್ಣ ಈ ಗಡಿಗ್ಯಾಗ ಬರಬೇಕು. ನಾ ನೂಲು ತರೂದ್ರಾಗ ತಯಾರಿ ಮಾಡು."

"ಹೂಂನವ್ವ."

ನೂಲು ತಂದು ನೋಡುತ್ತಾಳೆ, ಗಡಿಗೆಯಲ್ಲಿ ಬಿಳಿಯ ಕಾಗದ ತೇಲುತ್ತಿದೆ. ನೀರು ಮಾತ್ರ ಬದನೆ ತೊಳೆದ ನೀರಿನ ಹಾಗೆ.

"ಎಲ್ಲಾ ಬಂತವ್ವ," ಅಂದ ಕಳಕಪ್ಪ. "ಫೋಟೋದಾಗ ಒಂದು ಹನಿ ಉಳದಿಲ್ಲ."

ನೋಡಿಕೊಳ್ಳಲು ಇನ್ನೊಂದು ಫೋಟೊ ಬೇಕು ಅಂತ ಬಾಳವ್ವ ಉಳಿದ ಒಂದು ಕಾಗದ ಹಾಕಿ, ರೂಢಿಯಂತೆ ತಾನೇ ಪಟ್ಟಿಯಲ್ಲಿ ಹೊಳಪಿನ ಕಾಗದ ಆರಿಸಿ, ಪ್ರಿಂಟ್ ತೆಗೆದಳು. ಅಚ್ಚ ದಾಳಿಂಬೆ ಕೆಂಪು ಬಂತು, ಗಿಡದಿಂದ ಆಗ ಕಿತ್ತ ಹಾಗೆ. ಬೇಕಾದಾಗ ಬಾರದ ಬಣ್ಣ, ಬೇಡವಾದಾಗ ಬಂತು.

ಆ ಪ್ರಿಂಟನ್ನು ಪಕ್ಕಕ್ಕೆ ಇಟ್ಟಳು. ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಖಣ ಅದ್ದಿ ಅದ್ದಿ ಅವನ ಬಲಗೈ ಮೊಣಕೈವರೆಗೂ ಬದನೆ ಬಣ್ಣಕ್ಕೆ ತಿರುಗಿತ್ತು. ಒಂದು ಕೂದಲೆಳೆ ಫರಕಿಲ್ಲ.

"ಬಾ ಇಲ್ಲೆ," ಅಂದಳು. "ಒಲಿ ಮುಂದ ಕೂಡು. ಕೈ ಮುಂದ ಚಾಚು. ನಾ ಹೇಳೂತನಕ ಕೈ ತೊಳೀಬ್ಯಾಡ."

"ಹೂಂನವ್ವ."

ಬಾಳವ್ವ ಮಗನ ಕೈ ನೋಡಿ ನೋಡಿ ಬಣ್ಣ ಬೆರೆಸಿದಳು. ಸಂಜೆಯೊಳಗೆ ನೂಲು ಕೈಗೆ ಹೊಂದಿತು. ನಾಲ್ಕೂ ಮಗ್ಗ ನಡೆದವು, ಖಣ ಕೊಲ್ಲಾಪುರಕ್ಕೆ ಹೋದವು, ಉಮಾಬಾಯಿ ಒಂದನ್ನೂ ತಿರುಗಿ ಕಳಿಸಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮದುವೆಯ ಊಟಕ್ಕೆ ತಾಯಿ ಮಗ ಹೋದರು. ಪಕ್ಕದ ಎಲೆಯವನು ಕಳಕಪ್ಪನನ್ನೇ ನೋಡುತ್ತಿದ್ದ. ಕಳಕಪ್ಪನ ಬಲಗೈಗೆ ಮೊಣಕೈವರೆಗೆ ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಎಡಗೈಯಲ್ಲಿ ಚಮಚ ಹಿಡಿದು ಪಾಯಸ ತಿನ್ನುತ್ತಿದ್ದ.

"ಕೈಗೆ ಏನಾಗೈತಿ ತಮ್ಮಾ? ಪೆಟ್ಟೇನು?"

"ಏನೂ ಆಗಿಲ್ಲರೀ," ಅಂದ ಕಳಕಪ್ಪ. "ನಮ್ಮವ್ವ ತೊಳಿ ಅಂತ ಇನ್ನೂ ಹೇಳಿಲ್ಲ."